ಚಕ್ರ, ಚರಕ, ಸೈಕಲ್: ಒಂದೇ ಬೇರು ನಡೆದ ದಾರಿಗಳು

ಎಲ್ಲರಿಗೂ ನಮಸ್ಕಾರ.

ಚಕ್ರ, ಚರಕ, ಸೈಕಲ್, ಕಾಲೊನಿ. ಈ ನಾಲ್ಕು ಪದಗಳನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೊದಲ ಮೂರರಲ್ಲಿ ತಿರುಗುವ ವಸ್ತು ಇದೆ. ನಾಲ್ಕನೆಯದರಲ್ಲಿ ತಿರುಗುವಂಥದ್ದು ಏನೂ ಕಾಣುವುದಿಲ್ಲ. ಆದರೂ ನಾಲ್ಕಕ್ಕೂ ಬೇರು ಒಂದೇ. ಅದು ಹೇಗೆ ಗೊತ್ತಾಯಿತು ಅನ್ನುವುದನ್ನು ಇವತ್ತು ಹೇಳಬೇಕು ಅಂತಿದ್ದೇನೆ. ಪದಗಳ ಪಟ್ಟಿ ಕೊಟ್ಟು ಬೆರಗು ಹುಟ್ಟಿಸುವುದು ಸುಲಭ. ನನಗೆ ಮಾತ್ರ ಅದರ ಸಾಬೀತು ಆ ಪಟ್ಟಿಗಿಂತ ತುಂಬಾ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಆ ಬೇರನ್ನು ಭಾಷಾವಿಜ್ಞಾನಿಗಳು ‘ಕ್ವೆಲ್’ ಎಂದು ಬರೆಯುತ್ತಾರೆ. ಅರ್ಥ: ತಿರುಗು, ಸುತ್ತು. ಅದರ ಹಿಂದೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ. ಇದು ಯಾವ ಕಲ್ಲಿನಲ್ಲೂ ಓಲೆಯಲ್ಲೂ ಸಿಕ್ಕಿದ್ದಲ್ಲ, ಒಂದೇ ತಾಯಿಯಿಂದ ಹುಟ್ಟಿದ ಭಾಷೆಗಳನ್ನು ಹೋಲಿಸಿ ಆ ತಾಯಿಭಾಷೆಯ ರೂಪವನ್ನು ಲೆಕ್ಕ ಹಾಕಿದ್ದು ಎಂದು ಆ ಗುರುತು ಹೇಳುತ್ತದೆ. ‘ಕ್ವ’ ಎಂದು ಒತ್ತಕ್ಷರ ಹಾಕಿ ಬರೆದರೂ ಅದು ಒಂದೇ ಸದ್ದು. ಕ ಹೇಳುವಾಗಲೇ ತುಟಿ ದುಂಡಗೆ ಮಾಡಿದರೆ ಬರುವ ಸದ್ದು ಅದು. ಈ ದುಂಡು ತುಟಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದಿನ ಅರ್ಧ ಮಾತು ಅದರ ಮೇಲೇ ನಿಂತಿದೆ.

ಈ ಬೇರಿನಿಂದ ಒಂದು ಹೆಸರು ಹುಟ್ಟಿತು: ‘ಕ್ವೆಕ್ವ್ಲೊಸ್’. ತಿರುಗುವುದು, ಅಂದರೆ ಗಾಲಿ. ಬೇರಿನ ಮೊದಲ ಸದ್ದನ್ನು ಎರಡು ಸಲ ಹೇಳಿ ಮಾಡಿದ ಪದ ಅದು. ನಾವೂ ‘ಗಿರಗಿರ ತಿರುಗಿತು’ ಅನ್ನುತ್ತೇವೆ, ಅಲ್ವಾ? ಮತ್ತೆ ಮತ್ತೆ ಆಗುವುದನ್ನು ಮತ್ತೆ ಮತ್ತೆ ಬರುವ ಸದ್ದಿನಿಂದಲೇ ಹೇಳುವ ಆಸೆ ಮನುಷ್ಯರಿಗೆ ಎಲ್ಲ ಕಡೆಯೂ ಇದೆ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತಾಡುತ್ತಾ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಬಹುಶಃ ಉಳಿದಿಲ್ಲ ಎಂದರು. ಆ ಮೂಲಕ್ಕೆ ಇವತ್ತಿನ ಹೆಸರು ಮೂಲ ಇಂಡೋ-ಯೂರೋಪಿಯನ್. ಕನ್ನಡ ಆ ಮನೆತನದ್ದಲ್ಲ, ದ್ರಾವಿಡ ಮನೆತನದ್ದು. ನಾನು ಮೊದಲು ಹೇಳಿದ ನಾಲ್ಕೂ ಪದಗಳು ಕನ್ನಡಕ್ಕೆ ಹೊರಗಿನಿಂದ ಬಂದವು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ಬಂದವು. ಅದರಿಂದಲೇ ಈ ಬೇರಿನ ಪಯಣವನ್ನು ನೋಡಲು ಕನ್ನಡ ಒಳ್ಳೆಯ ಜಾಗ.

ಮೊದಲು ಒಂದು ಎಚ್ಚರಿಕೆ. ಕನ್ನಡದ್ದೇ ಆದ ‘ಗಾಲಿ’ಯನ್ನು ತೆಗೆದುಕೊಳ್ಳಿ. ತಮಿಳಿನಲ್ಲಿ ‘ಕಾಲ್’ ಅನ್ನುವ ಪದಕ್ಕೆ ಚಕ್ರ, ಬಂಡಿ ಎಂಬ ಅರ್ಥವೂ ಇದೆ. ರಷ್ಯನ್ ಮೊದಲಾದವುಗಳ ಗುಂಪಿನ ಹಳೆಯ ಸ್ಲಾವಿಕ್ ಭಾಷೆಯಲ್ಲಿ ಚಕ್ರಕ್ಕೆ ‘ಕೊಲೊ’. ಕಾಲ್, ಗಾಲಿ, ಕೊಲೊ. ಎಷ್ಟು ಹತ್ತಿರ! ಆದರೆ ಇವಕ್ಕೆ ಸಂಬಂಧವಿದೆ ಎಂದು ಈ ಹೋಲಿಕೆಯಿಂದ ಹೇಳಲು ಬರುವುದಿಲ್ಲ. ಇನ್ನೊಂದು ಉದಾಹರಣೆ: ‘ಸರ್ಕಲ್’ ಮತ್ತು ‘ಸೈಕಲ್’. ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಬೇರು ಬೇರೆ ಬೇರೆ. ಅದೇ ಇಂಗ್ಲಿಷಿನ ‘ವೀಲ್’ ಮತ್ತು ಸಂಸ್ಕೃತದ ‘ಚಕ್ರ’ ನೋಡಿ. ಒಂದು ಅಕ್ಷರವೂ ಕೂಡುವುದಿಲ್ಲ. ಅವು ಮಾತ್ರ ಒಂದೇ ಪದ! ಬರೀ ಕಿವಿಯನ್ನು ನಂಬಿದರೆ ಈ ವಿಷಯದಲ್ಲಿ ಮೂರು ಸಲವೂ ದಾರಿ ತಪ್ಪುತ್ತದೆ. ಇಂಟರ್‌ನೆಟ್‌ನಲ್ಲಿ ದಿನಾ ಓಡಾಡುವ ‘ಈ ಪದ ಆ ಪದದಿಂದಲೇ ಬಂದದ್ದು’ ಅನ್ನುವ ಮಾತುಗಳಲ್ಲಿ ಬಹಳಷ್ಟು ಹೀಗೆ ಕಿವಿಯಿಂದ ಮಾಡಿದವು.

ಹಾಗಾದರೆ ನಂಬಬೇಕಾದದ್ದು ಏನನ್ನು? ವ್ಯತ್ಯಾಸದಲ್ಲಿ ಒಂದು ಕ್ರಮ ಇರಬೇಕು. ಒಂದು ಭಾಷೆಯಲ್ಲಿ ಒಂದು ಸದ್ದು ಬದಲಾದರೆ, ಅದೇ ಸಂದರ್ಭ ಇರುವ ಎಲ್ಲ ಪದಗಳಲ್ಲೂ ಬದಲಾಗುತ್ತದೆ. ಇದನ್ನು ದೊಡ್ಡ ಮಟ್ಟದಲ್ಲಿ ತೋರಿಸಿಕೊಟ್ಟವರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಒಬ್ಬರು. ಹಳೆಯ ‘ಕ್ವ’ ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮ್ಯಾನಿಕ್ ಭಾಷೆಗಳಲ್ಲಿ ‘ಹ್ವ’ ಆಯಿತು ಎನ್ನುವುದು 1822ರಲ್ಲಿ ಅವರು ಕೊಟ್ಟ ಸೂತ್ರದೊಳಗೆ ಬರುತ್ತದೆ. ಯಾರು ಎಂದು ಕೇಳುವ ಪದ ಸಂಸ್ಕೃತದಲ್ಲಿ ‘ಕಃ’, ಲ್ಯಾಟಿನ್‌ನಲ್ಲಿ ‘ಕ್ವಿಸ್’, ಹಳೆಯ ಇಂಗ್ಲಿಷಿನಲ್ಲಿ ‘ಹ್ವಾ’. ಹಾಗೇ ಚಕ್ರಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಹ್ವೇಓಲ್’. ಅದೇ ಸವೆದು ಇವತ್ತಿನ ‘ವೀಲ್’ ಆಗಿದೆ. ನಡುವಿನ ಎರಡನೆಯ ‘ಹ್ವ’ ಬಿದ್ದುಹೋಗಿದೆ. ಆದರೆ ಹಳೆಯ ಇಂಗ್ಲಿಷಿನಲ್ಲೇ ‘ಹ್ವೆಒಗೊಲ್’ ಅಂತ ಇನ್ನೊಂದು ರೂಪವೂ ಇತ್ತು, ನಡುವೆ ಗ ಇಟ್ಟುಕೊಂಡು. ಒಂದೇ ಪದಕ್ಕೆ ಎರಡು ರೂಪ ಯಾಕೆ? 1870ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ವರ್ನರ್ ತೋರಿಸಿದ ಕಾರಣ ಇದು: ಹಳೆಯ ಕಾಲದಲ್ಲಿ ಪದದ ಒತ್ತು ಎಲ್ಲಿತ್ತು ಅನ್ನುವುದರ ಮೇಲೆ ಸದ್ದು ಬೇರೆಯಾಯಿತು. ಗ್ರೀಕಿನಲ್ಲಿ ಚಕ್ರದ ಪದಕ್ಕೆ ಒತ್ತು ಮೊದಲ ಅಕ್ಷರದಲ್ಲಿದೆ. ವೇದದ ‘ಚಕ್ರ’ದಲ್ಲಿ ಕೊನೆಯ ಅಕ್ಷರದಲ್ಲಿದೆ. ಹಳೆಯ ಇಂಗ್ಲಿಷಿನ ಎರಡು ರೂಪಗಳು ಈ ಎರಡು ಒತ್ತುಗಳಿಗೂ ಹೊಂದುತ್ತವೆ. ವೇದ ಪಠಿಸುವವರು ಕಾಪಾಡಿಕೊಂಡು ಬಂದ ಸ್ವರ, ಸಾವಿರಾರು ಮೈಲಿ ದೂರದ ಇಂಗ್ಲೆಂಡಿನ ಒಂದು ಗಕಾರಕ್ಕೆ ಕಾರಣ ಹೇಳುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗುವುದಿಲ್ಲ.

ಈಗ ಚಕ್ರಕ್ಕೆ ಬರೋಣ. ಇವತ್ತಿನ ಮಾತಿನ ನಡುಮನೆ ಇದು.

‘ಕ್ವೆಕ್ವ್ಲೊಸ್’ನಲ್ಲಿ ‘ಕ್ವ’ ಎರಡು ಸಲ ಇದೆ. ಎರಡೂ ಒಂದೇ ಸದ್ದು. ಆದರೆ ‘ಚಕ್ರ’ದಲ್ಲಿ ನೋಡಿ: ಮೊದಲನೆಯದು ಚ ಆಗಿದೆ, ಎರಡನೆಯದು ಕ ಆಗಿದೆ. ಸದ್ದು ಕ್ರಮವಾಗಿ ಬದಲಾಗುತ್ತದೆ ಎಂದು ಈಗತಾನೇ ಹೇಳಿದೆ. ಇಲ್ಲಿ ಒಂದೇ ಪದದೊಳಗೆ ಒಂದೇ ಸದ್ದು ಎರಡು ದಾರಿ ಹಿಡಿದಿದೆ. ಕ್ರಮ ಎಲ್ಲಿ ಹೋಯಿತು?

ಇದಕ್ಕೆ ಉತ್ತರ ನಮ್ಮ ಪಕ್ಕದ ಭಾಷೆಗಳಲ್ಲೇ ಇದೆ. ಕನ್ನಡದ ‘ಕಿವಿ’ ತಮಿಳು, ತೆಲುಗುಗಳಲ್ಲಿ ‘ಚೆವಿ’. ಕನ್ನಡದ ‘ಕೆರೆ’ ತೆಲುಗಿನಲ್ಲಿ ‘ಚೆರುವು’. ಹಳಗನ್ನಡದ ‘ಗೆಯ್’ ತಮಿಳಿನಲ್ಲಿ ‘ಚೆಯ್’. ಆದರೆ ‘ಕಣ್ಣು’ ತಮಿಳಿನಲ್ಲಿ ‘ಕಣ್’, ತೆಲುಗಿನಲ್ಲಿ ‘ಕನ್ನು’. ಅಲ್ಲಿ ಚ ಬರಲಿಲ್ಲ. ‘ಕಾಲು’ ಕೂಡ ಹಾಗೇ ಉಳಿಯಿತು. ಅಂದರೆ ತಮಿಳು, ತೆಲುಗುಗಳಲ್ಲಿ ಇ, ಎ ಮುಂದೆ ಬಂದಾಗ ಕ ಜಾರಿ ಚ ಆಯಿತು. ಅ, ಆ ಬಂದಾಗ ಆಗಲಿಲ್ಲ. ಕನ್ನಡ ಹಳೆಯ ಕ ಇಟ್ಟುಕೊಂಡಿತು. ಇ, ಎ ಹೇಳುವಾಗ ನಾಲಿಗೆ ಮುಂದಕ್ಕೆ ಬರುತ್ತದೆ. ಅದಕ್ಕೆ ಮೊದಲೇ ಸಿದ್ಧವಾಗುವ ನಾಲಿಗೆ ಕ ಹೇಳುವ ಜಾಗವನ್ನೂ ಮುಂದಕ್ಕೆ ಎಳೆಯುತ್ತದೆ. ಬಾಯಿಯಲ್ಲೇ ಒಮ್ಮೆ ‘ಕೀ’, ‘ಕಾ’ ಅಂತ ಹೇಳಿ ನೋಡಿ, ನಾಲಿಗೆ ಎರಡು ಕಡೆ ತಾಗುವುದು ತಿಳಿಯುತ್ತದೆ.

ಸಂಸ್ಕೃತದಲ್ಲಿ ನಡೆದದ್ದೂ ಇದೇ. ಮೊದಲ ‘ಕ್ವ’ದ ಮುಂದೆ ಎ ಇತ್ತು. ತುಟಿಯ ದುಂಡುತನ ಹೋಗಿ ‘ಕೆ’ ಆಯಿತು, ಆಮೇಲೆ ‘ಚೆ’ ಆಯಿತು. ಎರಡನೆಯ ‘ಕ್ವ’ದ ಮುಂದೆ ಲ ಇತ್ತು, ನಾಲಿಗೆಯನ್ನು ಮುಂದಕ್ಕೆ ಎಳೆಯುವವರು ಯಾರೂ ಇರಲಿಲ್ಲ. ಅದು ಕ ಆಗಿ ನಿಂತಿತು. ಲ ಹೋಗಿ ರ ಬಂತು. ಕೊನೆಗೆ ಎ ಮತ್ತು ಒ ಎರಡೂ ಅ ಆದವು. ‘ಚೆಕ್ರೊಸ್’ ಎಂಬಂಥ ರೂಪ ‘ಚಕ್ರ’ವಾಯಿತು. ಎ ಹೋಯಿತು. ಅದರ ಗುರುತು ಚಕಾರದಲ್ಲಿ ಉಳಿಯಿತು.

ಇದು ಯಾಕೆ ಇಷ್ಟು ದೊಡ್ಡ ವಿಷಯ? 1870ರ ದಶಕದವರೆಗೆ ಬಹಳ ವಿದ್ವಾಂಸರು ಸಂಸ್ಕೃತದ ಅಕಾರವೇ ಮೂಲ, ಗ್ರೀಕ್ ಮತ್ತು ಲ್ಯಾಟಿನ್‌ಗಳ ಎ, ಒ ಆಮೇಲೆ ಒಡೆದು ಬಂದವು ಎಂದು ನಂಬಿದ್ದರು. 1868ರಲ್ಲಿ ಜರ್ಮನಿಯ ಭಾಷಾವಿಜ್ಞಾನಿ ಆಗಸ್ಟ್ ಶ್ಲೈಖರ್ ಈ ಮೂಲಭಾಷೆಯಲ್ಲೇ ಒಂದು ಪುಟ್ಟ ನೀತಿಕಥೆ ಬರೆದರು, ಕುರಿ ಮತ್ತು ಕುದುರೆಗಳ ಕಥೆ. ಅದರ ಹೆಸರು ‘ಅವಿಸ್ ಅಕ್ವಾಸಸ್ ಕ’. ಓದಿದರೆ ಹೆಚ್ಚುಕಮ್ಮಿ ಸಂಸ್ಕೃತದಂತೆ ಕೇಳುತ್ತದೆ, ತುಂಬಾ ಅಕಾರಗಳೇ. ಮುಂದಿನ ಹತ್ತೇ ವರ್ಷಗಳಲ್ಲಿ ಹಲವು ವಿದ್ವಾಂಸರು ಹೆಚ್ಚುಕಡಿಮೆ ಒಟ್ಟಿಗೇ ಈ ಚ-ಕ ನಿಯಮವನ್ನು ಕಂಡುಹಿಡಿದರು. ಗ್ರೀಕ್, ಲ್ಯಾಟಿನ್‌ಗಳಲ್ಲಿ ಮುಂದೆ ಎ ಇರುವ ಜಾಗದಲ್ಲೇ ಸಂಸ್ಕೃತದಲ್ಲಿ ಕ ಹೋಗಿ ಚ ಬರುತ್ತಿತ್ತು. ಅಂದರೆ ಸಂಸ್ಕೃತಕ್ಕೂ ಒಂದು ಕಾಲದಲ್ಲಿ ಹ್ರಸ್ವ ಎ ಇತ್ತು! ಶ್ಲೈಖರರ ಕಥೆಯನ್ನು ಹರ್ಮನ್ ಹಿರ್ಟ್ ತಿದ್ದಿ ಬರೆದ ರೂಪ 1939ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೊನೆಯ ‘ಕ’ ಹೋಗಿ ‘ಕ್ವೆ’ ಬಂತು. ‘ಮತ್ತು’ ಎಂಬ ಅರ್ಥದ ಅದೇ ಪುಟ್ಟ ಪದ ಸಂಸ್ಕೃತದಲ್ಲಿ ‘ಚ’, ಲ್ಯಾಟಿನ್‌ನಲ್ಲಿ ‘ಕ್ವೆ’, ಗ್ರೀಕಿನಲ್ಲಿ ‘ತೆ’.

ಸಂಸ್ಕೃತ ಕಲಿತವರಿಗೆ ಇನ್ನೊಂದು ಜಾಗ ನೆನಪಾಗಬಹುದು. ‘ಕೃ’ ಧಾತುವಿನ ಲಿಟ್ ರೂಪ, ಅಂದರೆ ಒಂದು ಬಗೆಯ ಭೂತಕಾಲದ ರೂಪ, ‘ಚಕಾರ’. ‘ಗಮ್’ ಧಾತುವಿನದು ‘ಜಗಾಮ’. ಧಾತುವಿನ ಮೊದಲ ಭಾಗ ಇಮ್ಮಡಿಯಾಗುವಾಗ ಕ ಹೋಗಿ ಚ, ಗ ಹೋಗಿ ಜ ಆಗುತ್ತದೆ. ಪಾಣಿನಿ ಇದಕ್ಕೆ ಸೂತ್ರವನ್ನೇ ಬರೆದಿಟ್ಟರು. ಎಲ್ಲೆಲ್ಲಿ ಆಗುತ್ತದೆ ಎಂದು ಅವರು ಪೂರ್ತಿ ಸರಿಯಾಗಿ ಹೇಳಿದರು. ಯಾಕೆ ಆಗುತ್ತದೆ ಎಂದು ತಿಳಿಯಲು ಎರಡು ಸಾವಿರ ವರ್ಷಕ್ಕೂ ಜಾಸ್ತಿ ಬೇಕಾಯಿತು: ಇಮ್ಮಡಿಯಾದ ಆ ಮೊದಲ ಅಕ್ಷರದಲ್ಲಿ ಹಿಂದೆ ಎಕಾರ ಇತ್ತು. ‘ಚಕ್ರ’ ಮತ್ತು ‘ಚಕಾರ’ ಎರಡರಲ್ಲೂ ಒಂದೇ ಎ ಮರೆಯಾಗಿದೆ.

ಈ ಎ ಬರೀ ಲೆಕ್ಕದ್ದಲ್ಲ ಅನ್ನಲು ಇನ್ನೊಂದು ಸುಳಿವನ್ನು ಕೆಲವು ವಿದ್ವಾಂಸರು ಮುಂದಿಡುತ್ತಾರೆ. ಫಿನ್ನಿಶ್ ಭಾಷೆಯಲ್ಲಿ ‘ಕೆಕ್ರಿ’ ಎಂಬ ಸುಗ್ಗಿ ಹಬ್ಬ ಇದೆ, ವರ್ಷದ ಸುತ್ತು ಮುಗಿಯುವ ಹೊತ್ತಿನದು. ಎ ಇನ್ನೂ ಅ ಆಗದಿದ್ದ, ಕ ಇನ್ನೂ ಚ ಆಗದಿದ್ದ ಕಾಲದಲ್ಲಿ ನಮ್ಮ ‘ಚಕ್ರ’ದ ಹಿರಿಯ ರೂಪವನ್ನು ಫಿನ್ನಿಶ್‌ನ ಪೂರ್ವಜರು ಕಡ ಪಡೆದರು ಎಂಬುದು ಅವರ ಊಹೆ. ಎಲ್ಲರೂ ಒಪ್ಪಿದ್ದಲ್ಲ. ಒಪ್ಪಿದರೆ ಬಹಳ ಸೊಗಸಾದ ಸಾಕ್ಷಿ.

ಇರಾನಿನ ಕಡೆಗೆ ಹೋದರೆ, ಜರತುಷ್ಟ್ರ ಧರ್ಮದ ಗ್ರಂಥವಾದ ಅವೆಸ್ತಾದ ಭಾಷೆಯಲ್ಲಿ ಚಕ್ರ ‘ಚಖ್ರ’ ಆಗಿದೆ. ಪಾರ್ಸಿಯಲ್ಲಿ ಖ ಮತ್ತು ರ ಜಾಗ ಬದಲಿಸಿಕೊಂಡು ‘ಚರ್ಖ್’ ಆಯಿತು. ಪಾರ್ಸಿ ಕವಿಗಳಿಗೆ ಚರ್ಖ್ ಎಂದರೆ ಗಾಲಿಯೂ ಹೌದು, ತಿರುಗುವ ಆಕಾಶವೂ ಹೌದು. ಅದರಿಂದ ಬಂದ ನೂಲುವ ಯಂತ್ರದ ಹೆಸರು ಹಿಂದೂಸ್ತಾನಿಯ ಮೂಲಕ ನಮ್ಮಲ್ಲಿ ‘ಚರಕ’ವಾಯಿತು. ಆಯುರ್ವೇದದ ಚರಕಾಚಾರ್ಯರ ಹೆಸರಿಗೂ ಇದಕ್ಕೂ ಸಂಬಂಧ ಇದೆಯಾ ಎಂದು ಕೇಳುವವರಿದ್ದಾರೆ. ನೇರ ಸಂಬಂಧ ಇಲ್ಲ. ಸಂಸ್ಕೃತದ ‘ಚರಕ’ ಎಂದರೆ ತಿರುಗಾಡುವವನು. ಅದು ‘ಚರತಿ’ ಎಂಬ ಕ್ರಿಯೆಯಿಂದ ಬಂತು. ಆದರೆ ‘ಚರತಿ’ಯೂ ಇದೇ ‘ಕ್ವೆಲ್’ ಬೇರಿನದ್ದೇ. ಹೀಗಾಗಿ ಎರಡು ‘ಚರಕ’ಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಕನ್ನಡದಲ್ಲಿ ಒಂದೇ ಅಕ್ಷರಗಳಲ್ಲಿ ಬಂದು ನಿಂತಿವೆ.

ಈ ‘ಚರ್’ ಕೊಟ್ಟ ಪದಗಳು ಕನ್ನಡದಲ್ಲಿ ಲೆಕ್ಕವಿಲ್ಲದಷ್ಟು: ಸಂಚಾರ, ಪ್ರಚಾರ, ವಿಚಾರ, ಆಚಾರ, ಚರಿತ್ರೆ. ತಿರುಗುವುದರಿಂದ ನಡೆಯುವುದಕ್ಕೆ, ನಡೆಯುವುದರಿಂದ ನಡತೆಗೆ ಅರ್ಥ ಸಾಗಿದೆ. ನಮ್ಮ ‘ನಡೆ’ಯಿಂದ ‘ನಡತೆ’ ಬಂದದ್ದೂ ಹೀಗೇ, ಬೇರೆ ಮನೆತನದ ಭಾಷೆಯಲ್ಲಿ.

ಗ್ರೀಕಿನ ಕಥೆ ಬೇರೆ ತರಹದ್ದು. ಅಲ್ಲಿ ಹಳೆಯ ‘ಕ್ವ’ ಮೂರು ಪಾಲಾಯಿತು. ಎ ಮುಂದೆ ಬಂದರೆ ಸಾಮಾನ್ಯವಾಗಿ ತ, ಅ ಅಥವಾ ಒ ಮುಂದೆ ಬಂದರೆ ಪ, ಉ ಪಕ್ಕದಲ್ಲಿದ್ದರೆ ಕ. ಚಕ್ರದ ಪದದಲ್ಲಿ ತುಟಿಯ ದುಂಡುತನ ಪಕ್ಕದ ಸ್ವರಕ್ಕೆ ದಾಟಿ ಅದನ್ನು ಉ ಮಾಡಿತು. ಹೀಗೆ ‘ಕುಕ್ಲೊಸ್’. ಇದು ಲ್ಯಾಟಿನ್‌ಗೆ ಹೋಗಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು, ಕೊನೆಗೆ ಕನ್ನಡದಲ್ಲಿ ‘ಸೈಕಲ್’ ಆಯಿತು. ಆ ಪಯಣದಲ್ಲಿ ಒಂದು ವಿಷಯ ಗಮನಿಸಿ. ಗ್ರೀಕಿನ ಉ ಕ್ರಮೇಣ ಇ ಕಡೆಗೆ ಸರಿಯಿತು. ಇ ಮುಂದೆ ಬಂದ ಕ, ಲ್ಯಾಟಿನ್‌ನ ಕೊನೆಯ ಕಾಲದಲ್ಲಿ ಜಾರಿ, ಫ್ರೆಂಚಿಗೆ ಬರುವ ಹೊತ್ತಿಗೆ ಸ ಆಯಿತು. ಎರಡನೆಯ ಕ ಹಾಗೇ ಉಳಿಯಿತು. ‘ಚಕ್ರ’ದಲ್ಲಿ ಮೊದಲ ಕ ಚ ಆಗಿ, ಎರಡನೆಯದು ಉಳಿಯಿತು. ‘ಸೈಕಲ್’ನಲ್ಲಿ ಮೊದಲ ಕ ಸ ಆಗಿ, ಎರಡನೆಯದು ಉಳಿಯಿತು. ನಡುವೆ ಸಾವಿರಾರು ವರ್ಷಗಳ ಅಂತರ, ಒಂದಕ್ಕೊಂದು ಗೊತ್ತಿಲ್ಲದ ಭಾಷೆಗಳು. ಆದರೂ ಒಂದೇ ಪದದ ಒಂದೇ ಜಾಗದಲ್ಲಿ ನಾಲಿಗೆ ಒಂದೇ ಕೆಲಸ ಮಾಡಿದೆ.

ಗ್ರೀಕಿನ ಪ ಬಂದ ಪದಗಳಲ್ಲಿ ಒಂದು ‘ಪೊಲೊಸ್’, ಅಂದರೆ ತಿರುಗುವ ಅಚ್ಚು. ಉತ್ತರ ಧ್ರುವಕ್ಕೆ ‘ಪೋಲ್’ ಎನ್ನುವುದು ಅಲ್ಲಿಂದ. ಇನ್ನೊಂದು ‘ಅಂಫಿಪೊಲೊಸ್’, ಒಡತಿಯ ಸುತ್ತ ಓಡಾಡುವವಳು, ಪರಿಚಾರಿಕೆ. ಹೋಮರನ ಕಾವ್ಯಗಳಲ್ಲಿ ಇವಳು ಮತ್ತೆ ಮತ್ತೆ ಬರುತ್ತಾಳೆ. ಈ ಪದದ ಪಕಾರದ ಜಾಗದಲ್ಲಿ ಹಿಂದೆ ‘ಕ್ವ’ ಇತ್ತು ಎಂದು 19ನೆಯ ಶತಮಾನದ ವಿದ್ವಾಂಸರು ಬರೀ ಹೋಲಿಕೆಯಿಂದ ಹೇಳಿದ್ದರು. ಗ್ರೀಕ್ ಬರಹದಲ್ಲಿ ಅದಕ್ಕೆ ಆಧಾರ ಇರಲಿಲ್ಲ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಲೀನಿಯರ್ ಬಿ ಎಂಬ ಲಿಪಿಯನ್ನು ಬಿಡಿಸಿದರು. ಆ ಲಿಪಿ ಇದ್ದದ್ದು ಕ್ರಿ.ಪೂ. 1400ರಿಂದ 1200ರ ಆಸುಪಾಸಿನ ಮಣ್ಣಿನ ಹಲಗೆಗಳ ಮೇಲೆ, ಅವು ಹೋಮರನಿಗಿಂತ ಎಷ್ಟೋ ಹಳೆಯವು. ಅವುಗಳಲ್ಲಿದ್ದದ್ದು ಗ್ರೀಕ್ ಭಾಷೆಯೇ ಎಂದು ತಿಳಿಯಿತು. ಅಲ್ಲಿ ಅರಮನೆಯ ಹೆಂಗಸರ ಲೆಕ್ಕದಲ್ಲಿ ಈ ಪದ ಸಿಕ್ಕಿತು: ‘ಅ-ಪಿ-ಕ್ವೊ-ರೊ’. ಪ ಇರಲಿಲ್ಲ. ‘ಕ್ವೊ’ಗೆ ಬೇರೆಯೇ ಒಂದು ಅಕ್ಷರ ಇತ್ತು. ಆ ಲಿಪಿಯಲ್ಲಿ ಲ, ರ ಎರಡಕ್ಕೂ ಒಂದೇ ಅಕ್ಷರ, ಹಾಗಾಗಿ ‘ರೊ’. ಯಾರೂ ನೋಡಿರದ ಸದ್ದನ್ನು ಲೆಕ್ಕದಿಂದ ಹೇಳಿದ್ದರು. ಮಣ್ಣಿನಿಂದ ಅದೇ ಎದ್ದುಬಂತು. ಈ ವಿದ್ಯೆ ಊಹೆಯ ಆಟ ಎಂದು ಯಾರಾದರೂ ಅಂದರೆ ನಾನು ಈ ಹಲಗೆಯನ್ನೇ ತೋರಿಸುತ್ತೇನೆ.

ಲ್ಯಾಟಿನ್‌ನಲ್ಲಿ ಈ ಬೇರು ‘ಕೊಲೆರೆ’ ಆಯಿತು. ದುಂಡು ತುಟಿ ಸ್ವರವನ್ನು ಒ ಮಾಡಿ ತಾನು ಮರೆಯಾಯಿತು. ಆದರೆ ಬಾಡಿಗೆಯವನು ಎಂಬರ್ಥದ ‘ಇಂಕ್ವಿಲಿನುಸ್’ ಪದದಲ್ಲಿ ಹಳೆಯ ‘ಕ್ವ’ ಇವತ್ತಿಗೂ ಕಾಣುತ್ತದೆ. ಅರ್ಥ ಇಲ್ಲಿ ದೂರ ಹೋಗಿದೆ: ಒಂದು ಜಾಗದಲ್ಲಿ ಓಡಾಡು, ಅಲ್ಲಿ ನೆಲೆಸು, ಆ ನೆಲವನ್ನು ಉತ್ತು ನೋಡಿಕೊಳ್ಳು, ದೇವರನ್ನು ಪೂಜಿಸು. ಬೇಸಾಯಗಾರ ‘ಕೊಲೊನುಸ್’. ಅಂಥವರು ಹೋಗಿ ನೆಲೆಸಿದ ಊರು ‘ಕೊಲೊನಿಯಾ’. ರೈನ್ ನದಿಯ ದಡದ ಒಂದು ಊರಿಗೆ ಕ್ರಿ.ಶ. 50ರಲ್ಲಿ ರೋಮನ್ನರು ಕೊಲೊನಿಯಾ ಪಟ್ಟ ಕೊಟ್ಟರು. ಜರ್ಮನಿಯ ಕೋಲ್ನ್ ನಗರದ ಹೆಸರು ಅದೇ. ನಮ್ಮ ‘ಕಾಲೊನಿ’ಯೂ ಅದೇ. ‘ಕಲ್ಚರ್’ ಕೂಡ ಕೊಲೆರೆಯಿಂದ ಬಂತು. ಹಾಗಾಗಿ ‘ಆಚಾರ’ ಮತ್ತು ‘ಕಲ್ಚರ್’ ಒಂದೇ ಬೇರಿನ ಎರಡು ಕೊಂಬೆಗಳು.

ಉಳಿದವನ್ನು ಸುಮ್ನೆ ಮುಟ್ಟಿ ಮುಂದೆ ಹೋಗುತ್ತೇನೆ. ಲಿಥುವೇನಿಯನ್‌ನಲ್ಲಿ ‘ಕಕ್ಲಸ್’ ಎಂದರೆ ಕತ್ತು, ತಲೆ ತಿರುಗಿಸುವ ಅಂಗ. ಈಗಿನ ಚೀನಾದ ತಾರಿಂ ಬಯಲಿನಲ್ಲಿ ಒಂದು ಕಾಲಕ್ಕೆ ಇದ್ದ ತೊಖಾರಿಯನ್ ಭಾಷೆಗಳಲ್ಲಿ ಬಂಡಿಗೆ ‘ಕುಕಲ್’, ‘ಕೊಕಲೆ’. ಸ್ಲಾವಿಕ್ ‘ಕೊಲೊ’ ಆಗಲೇ ಬಂತು. ಹಳೆಯ ಪ್ರಷ್ಯನ್‌ನಲ್ಲಿ ‘ಕೆಲನ್’. ಕೊನೆಯ ಎರಡರಲ್ಲಿ ಇಮ್ಮಡಿ ಇಲ್ಲ ಅನ್ನುವುದನ್ನು ಗಮನಿಸಿ. ಮುಂದಿನ ಮಾತಿಗೆ ಅದು ಬೇಕು.

ಈ ಪದ ಇತಿಹಾಸಕಾರರಿಗೂ ಮುಖ್ಯ. ಪೋಲೆಂಡಿನ ಬ್ರೊನೊಚಿತ್ಸೆಯಲ್ಲಿ ಸಿಕ್ಕ ಮಡಕೆಯ ಮೇಲೆ ನಾಲ್ಕು ಗಾಲಿಯ ಬಂಡಿಯಂಥ ಚಿತ್ರವಿದೆ. ಅದು ಸುಮಾರು ಕ್ರಿ.ಪೂ. 3500ರದ್ದು. ಸ್ಲೊವೇನಿಯಾದ ಲುಬ್ಲಿಯಾನ ಬಳಿಯ ಜೌಗಿನಲ್ಲಿ 2002ರಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯ ಮರದ ಗಾಲಿಯೇ ಸಿಕ್ಕಿತು. ಗಾಲಿ ಇದಕ್ಕಿಂತ ಬಹಳ ಹಳೆಯದು ಅನ್ನಲು ಆಧಾರ ಇಲ್ಲ. ಮೂಲಭಾಷೆಯಲ್ಲಿ ಗಾಲಿಗೆ ಹೆಸರು ಇದ್ದರೆ, ಆ ಭಾಷೆ ಗಾಲಿ ಬಂದ ಮೇಲೂ ಒಡೆಯದೆ ಒಂದಾಗಿತ್ತು ಎಂದಾಯಿತು. ಅಮೆರಿಕದ ಪುರಾತತ್ವಜ್ಞ ಡೇವಿಡ್ ಆಂಥನಿ ಮೊದಲಾದವರ ವಾದ ಇದು. ಮೂಲಭಾಷೆ ಬೇಸಾಯದ ಜೊತೆಗೆ ಈಗಿನ ಟರ್ಕಿಯ ಅನಟೋಲಿಯಾದಿಂದ ಇನ್ನೂ ಸಾವಿರಾರು ವರ್ಷ ಮೊದಲೇ ಹರಡಿತು ಎಂದು ಬ್ರಿಟನ್ನಿನ ಪುರಾತತ್ವಜ್ಞ ಕಾಲಿನ್ ರೆನ್‌ಫ್ರೂ 1987ರಲ್ಲಿ ವಾದಿಸಿದ್ದರು. ಆ ಕಡೆಯವರ ಉತ್ತರ ಹೀಗಿದೆ: ‘ತಿರುಗು’ ಎಂಬ ಬೇರು ಎಲ್ಲರ ಬಳಿಯೂ ಇತ್ತು, ಗಾಲಿ ಬಂದಾಗ ಒಂದೊಂದು ಭಾಷೆಯೂ ತಾನೇ ಹೆಸರು ಮಾಡಿಕೊಂಡಿತು.

ನನಗೆ ಆಂಥನಿಯ ಕಡೆ ಗಟ್ಟಿ ಅನಿಸುತ್ತದೆ. ತಾವೇ ಮಾಡಿಕೊಂಡರೆ ಹೆಸರು ಹೇಗಿರುತ್ತದೆ ಎಂದು ‘ಕೊಲೊ’, ‘ಕೆಲನ್’ ತೋರಿಸುತ್ತವೆ: ಅದೇ ಬೇರು, ಬೇರೆ ಅಚ್ಚು. ಆದರೆ ಭಾರತ-ಇರಾನ್, ಗ್ರೀಸ್, ಜರ್ಮ್ಯಾನಿಕ್ ನಾಡು, ತಾರಿಂ ಬಯಲು, ಇಷ್ಟು ಕಡೆಯೂ ಮೊದಲ ಸದ್ದನ್ನು ಇಮ್ಮಡಿಸಿ, ಬೇರಿನ ಸ್ವರ ಬೀಳಿಸಿ, ಕೊನೆಗೆ ಅದೇ ಒಕಾರ ಹಚ್ಚಿ ಪದ ಮಾಡಿದ್ದಾರೆ. ಇಷ್ಟೂ ಬೇರೆ ಬೇರೆಯಾಗಿ ನಡೆಯಿತು ಅನ್ನುವುದು ಕಷ್ಟ. ಬಂಡಿಯ ಅಚ್ಚಿಗೂ ನೊಗಕ್ಕೂ ಇದೇ ರೀತಿ ಸಾಲು ಸಾಲು ಪದಗಳಿವೆ. ಸಂಸ್ಕೃತದ ‘ಅಕ್ಷ’ಕ್ಕೆ ಲ್ಯಾಟಿನ್ ‘ಆಕ್ಸಿಸ್’. ನೊಗ ಎಂಬರ್ಥದ ‘ಯುಗ’ಕ್ಕೆ ಲ್ಯಾಟಿನ್ ‘ಯುಗುಮ್’, ಇಂಗ್ಲಿಷ್ ‘ಯೋಕ್’, ಅನಟೋಲಿಯಾದ ಪ್ರಾಚೀನ ಭಾಷೆಯಾದ ಹಿಟ್ಟೈಟ್‌ನಲ್ಲಿ ‘ಯುಗನ್’.

ಆದರೆ ಹಿಟ್ಟೈಟ್ ಎಂದ ಕೂಡಲೇ ಒಂದು ತೊಡಕು ಬರುತ್ತದೆ. ಈ ಮನೆತನದಲ್ಲಿ ಮೊದಲು ಬೇರೆಯಾದದ್ದು ಅದರ ಕವಲೇ ಎಂದು ಹೆಚ್ಚಿನವರು ಒಪ್ಪುತ್ತಾರೆ. ಅದರಲ್ಲಿ ನೊಗದ ಹೆಸರಿದೆ, ಬಂಡಿಯ ಮೂಕಿಮರದ ಹೆಸರಿದೆ, ಗಾಲಿಗೆ ಮಾತ್ರ ‘ಕ್ವೆಕ್ವ್ಲೊಸ್’ ಇಲ್ಲ. ಅಲ್ಲಿ ಗಾಲಿ ‘ಹುರ್ಕಿ’. ತೊಖಾರಿಯನ್‌ನಲ್ಲಿ ಎರಡೂ ಬೇರುಗಳು ಸಿಗುತ್ತವೆ: ಬಂಡಿಗೆ ‘ಕುಕಲ್’, ಗಾಲಿಗೆ ಹುರ್ಕಿಯ ನೆಂಟನಾದ ‘ವರ್ಕಂತ್’. ನೊಗ ಮತ್ತು ಮೂಕಿ ಗಾಲಿ ಇಲ್ಲದ ಎಳೆಬಂಡಿಗೂ ನೇಗಿಲಿಗೂ ಬೇಕಾಗುತ್ತವೆ. ಹಾಗಾಗಿ ಹಿಟ್ಟೈಟ್ ಕವಲು ಗಾಲಿ ಬರುವ ಮೊದಲೇ ಹೊರಟಿತು, ಉಳಿದವರು ಒಟ್ಟಿಗಿದ್ದಾಗ ಗಾಲಿ ಬಂತು, ‘ಕ್ವೆಕ್ವ್ಲೊಸ್’ ಅವರು ಮಾಡಿಕೊಂಡ ಪದ ಎಂದು ನಾನು ಈ ಸಾಕ್ಷಿಯನ್ನು ಓದುತ್ತೇನೆ. ‘ಹುರ್ಕಿ’ಯೇ ಗಾಲಿಯ ಇನ್ನೂ ಹಳೆಯ ಹೆಸರು, ಹಿಟ್ಟೈಟರಿಗೂ ಗಾಲಿ ಮೊದಲೇ ಗೊತ್ತಿತ್ತು ಎನ್ನುವವರೂ ಇದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಆ ವಾದ ಹೆಚ್ಚು ಸರಿ ಅನಿಸಿದರೆ ಈಗ ಕೇಳಿ, ಅಲ್ಲಿಂದಲೇ ಚರ್ಚೆ ಶುರು ಮಾಡೋಣ.